ಹಿಂಬದಿ ಶಾಕ್ ಅಬ್ಸಾರ್ಬರ್‌ನ ಸ್ಪ್ರಿಂಗ್ ಬಿಚ್ಚುವುದು

ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರ್‌ನ ಸ್ಪ್ರಿಂಗನ್ನು ಮತ್ತೆ ಬಣ್ಣ ಹೊಡೆಯಲು ಡ್ಯಾಂಪರ್‌ನಿಂದ ಬೇರ್ಪಡಿಸುವ ಕೆಲಸ. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳನ್ನು ಹೊಸದಾಗಿಸುವವರಿಗೂ, ಮಣ್ಣುದಾರಿಗಳಲ್ಲಿ ಬೈಕ್ ಓಡಿಸುವವರಿಗೂ ಇದು ಬೇಕಾಗುತ್ತದೆ. ಬೈಕಿನಿಂದ ಕಳಚಿದ ಶಾಕ್ ಸಾಧುವಾಗಿ ಕಂಡರೂ ಅದರ ಸ್ಪ್ರಿಂಗ್ ಒತ್ತಿಕೊಂಡೇ ಇರುತ್ತದೆ. ಮಿಲಿಮೀಟರಿಗೆ 2 ಕಿಲೋ ಬೇಡುವ ಸ್ಪ್ರಿಂಗ್ 20 ಮಿ.ಮೀ. ಒತ್ತಿದ್ದರೆ 40 ಕಿಲೋ ಬಲ. ಸ್ಪ್ರಿಂಗನ್ನು ಹಿಡಿದಿಟ್ಟ ಲಾಕ್ ತೆಗೆಯಲು ಇನ್ನೂ 20 ಮಿ.ಮೀ. ಒತ್ತಿದರೆ ಬಲ 80 ಕಿಲೋ, ಕೂಡಿಟ್ಟ ಶಕ್ತಿ ಮಾತ್ರ ನಾಲ್ಕು ಪಟ್ಟು. ಲಾಕ್ ಸಡಿಲವಾಗುವ ಗಳಿಗೆಯೇ ಅತಿ ಅಪಾಯದ್ದು.

ಇಬ್ಬರು ಸೇರಿ ಕೈಯಲ್ಲೇ ಒತ್ತಿ ಹಿಡಿದರಾಯಿತು ಎನ್ನುವವರಿದ್ದಾರೆ. ಎಷ್ಟೋ ಸಲ ಅದು ನಡೆದೂ ಹೋಗುತ್ತದೆ. ಆದರೆ ಎಣ್ಣೆ ಹತ್ತಿದ ಕೈ ಜಾರಿದರೆ ತಡೆಯಲು ಏನೂ ಇಲ್ಲ. ಹಾಗಾಗಿ ಪ್ರಿಲೋಡ್ (ಸ್ಪ್ರಿಂಗಿಗೆ ಮೊದಲೇ ಕೊಟ್ಟ ಒತ್ತು) ಅನ್ನು ಕನಿಷ್ಠಕ್ಕೆ ಇಳಿಸಿ, ಸ್ಪ್ರಿಂಗ್ ಕಂಪ್ರೆಸರ್‌ನ ಕೊಕ್ಕೆಗಳನ್ನು ಎದುರುಬದುರಾಗಿ ಕೂರಿಸಿ, ಎರಡೂ ಬೋಲ್ಟನ್ನು ಸಮನಾಗಿ ಬಿಗಿಯುತ್ತ, ಮುಖವನ್ನು ಶಾಕಿನ ನೇರದಿಂದ ಆಚೆ ಇಟ್ಟುಕೊಳ್ಳಬೇಕು. ಬಿಚ್ಚದೆಯೇ ಬಣ್ಣ ಹೊಡೆಯಬಾರದೇಕೆ? ಮೇಲಿನ ಗೀರಿಗಾದರೆ ಸರಿ. ತುಕ್ಕು ಕೂರುವುದು ಸ್ಪ್ರಿಂಗಿನ ತುದಿಗಳು ಊರಿದ ಜಾಗದಲ್ಲಿ, ಅಲ್ಲಿಗೆ ಬ್ರಷ್ ಹೋಗದು. ಡ್ಯಾಂಪರ್‌ನ ರಾಡಿಗೆ ಬಣ್ಣ ತಾಗಿದರೆ ಆಯಿಲ್ ಸೀಲ್ ಹಾಳು. ಪೌಡರ್ ಕೋಟಿಂಗ್ ಒಲೆಯ ಬಿಸಿ 180 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನದು. ಎಣ್ಣೆ, ಗ್ಯಾಸ್ ತುಂಬಿದ ಡ್ಯಾಂಪರನ್ನು ಅದರೊಳಗೆ ಇಡುವಂತಿಲ್ಲ. ತುಕ್ಕು ತೆಗೆಯಲು ಆಸಿಡ್ ಬೇಡ, ಅದು ಸ್ಪ್ರಿಂಗ್ ಉಕ್ಕನ್ನು ಪೆಡಸಾಗಿಸಿ ಮುರಿಯುವಂತೆ ಮಾಡಬಲ್ಲದು; ತಂತಿ ಬ್ರಷ್ ಸಾಕು.