ಹಿಂಚಕ್ರದ ಎಣ್ಣೆ: ಪಂಜ ಸೀಮೆಯ ದಾರಿಯಲ್ಲಿ ಜಾವಾ–ಯೆಜ್ಡಿಯ ಶಾಕ್ ಅಬ್ಸಾರ್ಬರ್

ಮೈಸೂರಿನ ಜಾವಾ ಮತ್ತು ಯೆಜ್ಡಿಯ ಚರಿತ್ರೆಯನ್ನು ಸಾಮಾನ್ಯವಾಗಿ ಎಂಜಿನ್ನಿನ ಸುತ್ತಲೇ ಹೇಳುತ್ತಾರೆ: ಎರಡು ಸೈಲೆನ್ಸರು, ಕಿಕ್ಕರೂ ಗೇರೂ ಆಗುವ ಒಂದೇ ಲಿವರು, 250 ಸಿಸಿಯ ಟೂ ಸ್ಟ್ರೋಕ್ ಸದ್ದು. ಸುಳ್ಯ ಸೀಮೆಯ ಪಂಜ, ಬೆಳ್ಳಾರೆ, ಗುತ್ತಿಗಾರಿನ ಕಡೆಯಿಂದ ನೋಡುವವರು ಗಾಡಿಯ ಹಿಂಭಾಗವನ್ನೂ ಗಮನಿಸಬೇಕು. ಹಿಂಚಕ್ರದ ಇಕ್ಕೆಲದ ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿ ಸರಿಮಾಡುವುದೋ, ಕಿತ್ತು ಹೊಸದು ಹಾಕುವುದೋ ಎಂಬುದು ಸವಾರನೊಬ್ಬನ ಇಷ್ಟಕ್ಕೆ ಬಿಟ್ಟ ವಿಷಯವಾಗಿರಲಿಲ್ಲ. ಆ ಭಾಗದ ರಚನೆ, ಇಲ್ಲಿನ ಮಳೆ, 1996ರಲ್ಲಿ ಮುಚ್ಚಿದ ಕಾರ್ಖಾನೆ ಈ ಮೂರೂ ಸೇರಿ ಅದನ್ನು ತೀರ್ಮಾನಿಸಿದವು ಎಂಬುದು ಈ ಲೇಖನದ ವಾದ.

ಮೊದಲು ಯಂತ್ರದ ಹಿನ್ನೆಲೆ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಪ್ರಾಗ್‌ನಲ್ಲಿ ಆರಂಭಿಸಿದ ಜಾವಾ ಸಂಸ್ಥೆ 1946ರಲ್ಲಿ ಪೆರಾಕ್ ಎಂಬ ಮಾದರಿಯನ್ನು ಹೊರತಂದಿತು. ಜರ್ಮನರ ಆಕ್ರಮಣದ ಕಾಲದಲ್ಲಿ ಗುಟ್ಟಾಗಿ ರೂಪುಗೊಂಡ ಈ ಗಾಡಿಯ ಹಿಂಚಕ್ರದ ಅಚ್ಚು ಎರಡು ಬದಿಯ ಕೊಳವೆಗಳೊಳಗೆ ಸ್ಪ್ರಿಂಗಿನ ಮೇಲೆ ಏರಿಳಿಯುತ್ತಿತ್ತು. ಹಿಂಭಾಗಕ್ಕೆ ಸ್ಪ್ರಿಂಗೇ ಇಲ್ಲದ ಗಾಡಿಗಳು ಇನ್ನೂ ಓಡಾಡುತ್ತಿದ್ದ ಕಾಲಕ್ಕೆ ಅದು ದೊಡ್ಡ ಸುಖ. ಆದರೆ ಅಚ್ಚು ಚಲಿಸಲು ಇದ್ದ ಅವಕಾಶ ಬಹಳ ಕಡಿಮೆ. 1954ರಲ್ಲಿ ಬಂದ 353 ಮಾದರಿಯಲ್ಲಿ ಚಕ್ರವನ್ನು ಹಿಡಿದ ಸ್ವಿಂಗ್ ಆರ್ಮ್ ಮೇಲೆ ಕೆಳಗೆ ಆಡುತ್ತಿತ್ತು, ಅದನ್ನು ಫ್ರೇಮಿಗೆ ಸೇರಿಸುವ ಜೋಡಿ ಶಾಕ್‌ಗಳ ಒಳಗೆ ಎಣ್ಣೆಯಿತ್ತು. ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ತನ್ನ ಬುಲೆಟ್ಟಿಗೆ ಸ್ವಿಂಗ್ ಆರ್ಮ್ ಕೊಟ್ಟದ್ದು ಇನ್ನೂ ಮುಂಚೆ, 1940ರ ದಶಕದ ಕೊನೆಯಲ್ಲಿ. ಆ ಬುಲೆಟ್ 1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿತು.

ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿ ಸ್ಥಾಪಿಸಿದ ಐಡಿಯಲ್ ಜಾವಾ, ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಗಾಡಿ ಕಟ್ಟತೊಡಗಿತು. ಜೆಕೊಸ್ಲೊವಾಕಿಯದ ಪರವಾನಗಿಯಲ್ಲಿ ತಯಾರಾದ ಮೊದಲ ಗಾಡಿಗಳ ಬೇರು 353ರಲ್ಲೇ ಇತ್ತು. 1973ರಿಂದ ಯೆಜ್ಡಿ ಎಂಬ ಹೆಸರು, 1978ರಲ್ಲಿ ರೋಡ್‌ಕಿಂಗ್ ಮಾದರಿ ಬಂದವು. ಮೈಸೂರಿನಿಂದ ಮಡಿಕೇರಿ, ಸಂಪಾಜೆ ಇಳಿದು ಸುಳ್ಯಕ್ಕೆ ಬರುವ ಹೆದ್ದಾರಿಯಿಂದಾಗಿ ಈ ಕಾರ್ಖಾನೆ ನಮ್ಮ ಸೀಮೆಗೆ ದೂರದ್ದಾಗಿರಲಿಲ್ಲ. ಘಟ್ಟದ ಒಂದು ಮಗ್ಗುಲಲ್ಲಿ ಹುಟ್ಟಿದ ಗಾಡಿ ಇನ್ನೊಂದು ಮಗ್ಗುಲಿನ ಅಡಿಕೆ ತೋಟಗಳ ನಡುವೆ ದುಡಿಯಿತು.

ದುಡಿತ ಎಂಥದ್ದು ಎಂಬುದರಲ್ಲಿ ವಿಷಯದ ತಿರುಳಿದೆ. ವರ್ಷಕ್ಕೆ 3,500 ಮಿಲಿಮೀಟರು ಮೀರುವ ಮಳೆ, ಜಂಬಿಟ್ಟಿಗೆಯ ನೆಲ, ಮನೆಯಂಗಳದಿಂದ ಡಾಂಬರು ದಾರಿಯವರೆಗೆ ಕಡಿದಾದ ಮಣ್ಣಿನ ಏರು, ಹಿಂದಿನ ಸೀಟಿನಲ್ಲಿ ಒಬ್ಬರು ಅಥವಾ ಒಂದು ಗೋಣಿ. ಗುಂಡಿಗೆ ಬಿದ್ದಾಗ ಪೆಟ್ಟನ್ನು ತಡೆಯುವುದು ಸ್ಪ್ರಿಂಗು. ಅದು ಒಮ್ಮೆ ಕುಗ್ಗಿದ ಮೇಲೆ ಮತ್ತೆ ಮತ್ತೆ ಚಿಮ್ಮದಂತೆ ಹಿಡಿಯುವುದು ಒಳಗಿನ ಎಣ್ಣೆ. ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ಎಣ್ಣೆ ನುಸುಳುವಾಗ ಚಲನೆಯ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಈ ಎರಡು ಕೆಲಸಗಳನ್ನು ಬೇರ್ಪಡಿಸಿ ನೋಡದಿದ್ದರೆ ರೋಗವೇ ತಿಳಿಯದು. ಕೆಸರು ಮೆತ್ತಿದ ರಾಡಿನ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ, ಚುಕ್ಕೆ ಸೀಲಿನ ತುಟಿಯನ್ನು ಕೊಯ್ಯುತ್ತದೆ, ಎಣ್ಣೆ ಜಿನುಗಿ ಹೋಗುತ್ತದೆ. ಹೊರಗಿನಿಂದ ನೋಡಿದರೆ ಸ್ಪ್ರಿಂಗು ಗಟ್ಟಿಯಾಗಿಯೇ ಇದೆ, ಗಾಡಿ ಕುಸಿದಿಲ್ಲ. ಆದರೆ ತಿರುವಿನಲ್ಲಿ ಹಿಂಚಕ್ರ ನೆಲ ಬಿಟ್ಟು ಕುಪ್ಪಳಿಸುತ್ತದೆ. ಒದ್ದೆ ದಾರಿಯಲ್ಲಿ ಬ್ರೇಕ್ ಹಿಡಿದಾಗ ಇದು ಜೀವಕ್ಕೇ ಅಪಾಯ.

ಹಳೆಯ ರಚನೆಯಲ್ಲಿ ಮದ್ದಿಗೆ ಜಾಗವಿತ್ತು. ಸ್ಪ್ರಿಂಗನ್ನು ಒತ್ತಿಹಿಡಿದು ಮೇಲಿನ ಲಾಕ್ ತೆಗೆದರೆ ಕೊಳವೆಯ ಬಾಯಿಯಲ್ಲಿ ಮರೆ, ಅಂದರೆ ತಿರುಪಿನ ಸುತ್ತು, ಇರುವ ಮುಚ್ಚಳ ಸಿಗುತ್ತದೆ. ಅದನ್ನು ಬಿಚ್ಚಿ ಕಪ್ಪಾದ ಎಣ್ಣೆ ಸುರಿದು, ಸೀಲು ಬದಲಿಸಿ, ಲೇತಿನಲ್ಲಿ ಬುಷ್ ತಿರುವಿಸಿ ಮತ್ತೆ ಕಟ್ಟಬಹುದು. ಸೂಕ್ಷ್ಮವಿರುವುದು ಎರಡು ಕಡೆ. ಎಣ್ಣೆಯನ್ನು ಬಾಯಿಮಟ್ಟ ತುಂಬಬಾರದು. ರಾಡು ಒಳಗಿಳಿಯುವಾಗ ಅದರ ಗಾತ್ರಕ್ಕೆ ಸರಿಯಾಗಿ ಕುಗ್ಗಲು ಗಾಳಿಗೆ ಜಾಗ ಬೇಕು, ಇಲ್ಲದಿದ್ದರೆ ಶಾಕ್ ಕಲ್ಲಿನಂತೆ ಸೆಟೆದು ಸೀಲನ್ನೇ ಹೊರಗೆ ತಳ್ಳುತ್ತದೆ. ಎರಡನೆಯದು ರಾಡು. ತುಕ್ಕು ಹಿಡಿದ ರಾಡಿಗೆ ಹ್ಯಾಂಡಲ್‌ಬಾರಿಗೆ ಕೊಡುವಂಥ ಹೊಳಪಿನ ತೆಳು ಕ್ರೋಮ್ ಸಾಲದು. ಸೀಲಿನ ಉಜ್ಜುವಿಕೆಗೆ ಅದು ಸುಲಿದುಹೋಗುತ್ತದೆ. ಗಟ್ಟಿ ಕ್ರೋಮ್ ಏರಿಸಿ ಅಳತೆಗೆ ಗ್ರೈಂಡ್ ಮಾಡಿಸಬೇಕು. ಹಳ್ಳಿಯ ಗ್ಯಾರೇಜಿನ ಕೈಚಳಕ ಎಷ್ಟೇ ಇದ್ದರೂ ಕೆಲಸ ಪಟ್ಟಣವನ್ನು ಬೇಡುವುದು ಇಲ್ಲಿ.

ಮುಂದೆ ಬಂದ ಶಾಕ್‌ಗಳಲ್ಲಿ ಮರೆಯ ಮುಚ್ಚಳದ ಬದಲು ಕೊಳವೆಯ ತುದಿಯನ್ನೇ ಒತ್ತಿ ಮಡಚಿ ಮುಚ್ಚುವ ಪದ್ಧತಿ ಹರಡಿತು. ಇದು ತಯಾರಿಕೆಗೆ ಅಗ್ಗ, ಸೋರಿಕೆಯೂ ಕಡಿಮೆ, ಆದರೆ ಕತ್ತರಿಸದೆ ತೆರೆಯಲಾಗದು. ಗ್ಯಾಸ್ ತುಂಬಿದ ಶಾಕ್‌ಗಳು ಬಂದಮೇಲಂತೂ ತೆರೆಯುವ ಮಾತೇ ಅಪಾಯದ್ದಾಯಿತು. 1961ರಲ್ಲಿ ಆರಂಭವಾದ ಗೇಬ್ರಿಯಲ್ ಇಂಡಿಯಾದಂಥ ಕಂಪನಿಗಳಿಂದ ಶಾಕ್ ದೇಶದೊಳಗೇ ತಯಾರಾಗಿ ಅಂಗಡಿಯಲ್ಲಿ ಕೊಳ್ಳುವ ಸಾಮಾನಾಯಿತು. 1985ರ ಹೀರೋ ಹೋಂಡಾ ಸಿಡಿ 100ರ ತಲೆಮಾರಿನ ಸವಾರರು ಬದಲಿಸುವುದನ್ನೇ ರೂಢಿ ಮಾಡಿಕೊಂಡರು. ಅವರನ್ನು ದೂರುವುದು ಸರಿಯಲ್ಲ.

1996ರಲ್ಲಿ ಐಡಿಯಲ್ ಜಾವಾ ಮುಚ್ಚಿದಾಗ ಹಳೆಯ ಗಾಡಿಗಳ ಪಾಲಿಗೆ ಕಾಲ ಹಿಂದಕ್ಕೆ ತಿರುಗಿತು. ಕಾರ್ಖಾನೆಯ ಬಿಡಿಭಾಗ ನಿಂತಿತು, ಬಿಚ್ಚಿ ಕಟ್ಟುವ ವಿದ್ಯೆಗೆ ಮತ್ತೆ ಬೆಲೆ ಬಂತು. 2018ರಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಜಾವಾ ಹೆಸರನ್ನು ಮರಳಿ ತಂದರೂ ಅದು ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್ ಗಾಡಿ, ಹಳೆಯದರ ಕೊರತೆಯನ್ನು ತುಂಬುವಂಥದ್ದಲ್ಲ. ಬೇರೆ ಗಾಡಿಯ ಶಾಕ್ ತಂದು ಕೂರಿಸುವವರು ಅದರ ಎರಡು ತುದಿಯ ಬೋಲ್ಟಿನ ಕಣ್ಣುಗಳಲ್ಲಿ ಕಣ್ಣಿನಿಂದ ಕಣ್ಣಿಗೆ ಇರುವ ಉದ್ದವನ್ನು ಅಳೆಯುವುದು ಅಗತ್ಯ. ಉದ್ದ ಹೆಚ್ಚಾದರೆ ಹಿಂಭಾಗ ಎದ್ದು ಹ್ಯಾಂಡಲಿನ ಸ್ಥಿರತೆ ಕುಗ್ಗುತ್ತದೆ, ಚೈನಿನ ಬಿಗುವು ಬದಲಾಗುತ್ತದೆ, ನಡುಸ್ಟ್ಯಾಂಡ್ ಹಾಕಿದರೂ ಹಿಂಚಕ್ರ ನೆಲಕ್ಕೆ ತಾಗಬಹುದು. ಒಂದನ್ನು ಮಾತ್ರ ಬದಲಿಸಿದರೆ ಸ್ವಿಂಗ್ ಆರ್ಮ್ ತಿರುಚಿಕೊಳ್ಳುತ್ತದೆ, ಆದ್ದರಿಂದ ಯಾವಾಗಲೂ ಜೋಡಿಯಾಗಿಯೇ ಹಾಕಬೇಕು.

ಸುಳ್ಯ ತಾಲೂಕಿನ ಗ್ಯಾರೇಜುಗಳ ಮೂಲೆಯಲ್ಲಿ ಬಿದ್ದಿರುವ ಇಂಥ ಕಿತ್ತ ಜೋಡಿಗಳನ್ನು ಚರಿತ್ರೆಯ ದಾಖಲೆಗಳೆಂದೇ ಎಣಿಸಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಗುಜರಿಗೆ ಹೋಗುವ ಮೊದಲು ಅವುಗಳ ಉದ್ದ, ರಾಡಿನ ದಪ್ಪ, ಸ್ಪ್ರಿಂಗಿನ ಸುತ್ತು, ಮುಚ್ಚಳ ಮರೆಯದೋ ಮಡಚಿದ್ದೋ ಎಂಬಷ್ಟನ್ನಾದರೂ, ಗಾಡಿಯ ಮಾದರಿ ಮತ್ತು ಇಸವಿಯೊಂದಿಗೆ ಬರೆದಿಡಬೇಕು.