ಪಟ್ಟಿಯಲ್ಲಿ ಅಜ್ಜಿಯ ಹೆಸರು

ನನ್ನ ಉಮ್ಮನ ಉಮ್ಮನನ್ನು ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಮಕ್ಕಳಿಗೆ ಅವರು ಉಮ್ಮ. ನೆರೆಯವರಿಗೆ ಇಂಥವರ ಹೆಂಡತಿ, ಇಂಥವನ ತಾಯಿ. ಅವರ ಹೆಸರನ್ನು ಪೂರ್ತಿಯಾಗಿ ಬರೆದದ್ದು ನಾನು ಮೊದಲು ಕಂಡದ್ದು ಮತದಾರರ ಪಟ್ಟಿಯಲ್ಲಿ. ಬೂತ್ ಸ್ಲಿಪ್ಪು ಹಂಚಲು ಬಂದ ಹುಡುಗ ಆ ಹೆಸರು ಓದಿ, "ಇವರು ಯಾರು?" ಎಂದು ಕೇಳಿದ್ದ. ಉತ್ತರ ಹೇಳಲು ನನಗೆ ಒಂದು ಕ್ಷಣ ಬೇಕಾಯಿತು.

ದೊಡ್ಡವನಾದ ಮೇಲೆ ಚುನಾವಣೆಗಳ ಬಗ್ಗೆ ಓದುವಾಗ ಆ ಕ್ಷಣ ಮತ್ತೆ ನೆನಪಾಯಿತು. ನಮ್ಮ ದೇಶದ ಮೊದಲ ಮಹಾಚುನಾವಣೆ 1951ರ ಅಕ್ಟೋಬರಿನಿಂದ 1952ರ ಫೆಬ್ರವರಿವರೆಗೆ ನಡೆಯಿತು. ಲೋಕಸಭೆಗೆ 489 ಸ್ಥಾನ, ಸುಮಾರು 17 ಕೋಟಿ ಮತದಾರರು. ಪಟ್ಟಿ ತಯಾರಿಸುವಾಗ ಅನೇಕ ಹೆಂಗಸರು ತಮ್ಮ ಹೆಸರನ್ನೇ ಹೇಳಲಿಲ್ಲ. "ಇಂಥವರ ಹೆಂಡತಿ", "ಇಂಥವರ ಮಗಳು" ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ. ಮತ ಗಂಡನದ್ದಲ್ಲ, ಅವಳದ್ದು. ಹಾಗಾಗಿ ಹೆಸರೂ ಅವಳದ್ದೇ ಇರಬೇಕು ಎಂಬುದು ಆಯೋಗದ ನಿಲುವು. ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಕಡೆಯವರು. ಆದರೆ ಆ ಸಂಕೋಚ ನಮ್ಮ ಮನೆಗಳಿಗೂ ಹೊಸದಲ್ಲ.

ನಮ್ಮ ಅಜ್ಜಿ ಆ ಸಲವೇ ಓಟು ಹಾಕಿದವರು. ಆಗ ಕಾಸರಗೋಡು ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಜಿಲ್ಲೆಯ ಹೆಸರಿನ ಎರಡು ಲೋಕಸಭಾ ಕ್ಷೇತ್ರಗಳಲ್ಲಿ ಉತ್ತರದಿಂದ ಯು. ಶ್ರೀನಿವಾಸ ಮಲ್ಯ, ದಕ್ಷಿಣದಿಂದ ಬಿ. ಶಿವರಾವ್ ಗೆದ್ದರು. ಇಬ್ಬರೂ ಕಾಂಗ್ರೆಸ್ಸಿನವರು. ಅಜ್ಜಿಗೆ ನೆನಪಿದ್ದದ್ದು ಹೆಸರುಗಳಲ್ಲ, ಪೆಟ್ಟಿಗೆಗಳು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವರ ಚಿಹ್ನೆ. ಚೀಟಿಯಲ್ಲಿ ಗುರುತು ಹಾಕುವುದು ಏನೂ ಇಲ್ಲ. ಬೇಕಾದ ಪೆಟ್ಟಿಗೆಗೆ ಹಾಕಿ ಬಂದರೆ ಮುಗಿಯಿತು. "ಎತ್ತಿನ ಪೆಟ್ಟಿಗೆ ಇತ್ತು, ತೆನೆಯ ಪೆಟ್ಟಿಗೆ ಇತ್ತು" ಎನ್ನುತ್ತಿದ್ದರು. ತಾನು ಯಾವುದಕ್ಕೆ ಹಾಕಿದೆ ಎಂದು ಮಾತ್ರ ಕೊನೆವರೆಗೂ ಹೇಳಲಿಲ್ಲ.

1956ರ ನವೆಂಬರ್ 1ಕ್ಕೆ ನಾವು ಕೇರಳದವರಾದೆವು. ಮನೆ ಅಲ್ಲೇ ಇತ್ತು, ರಾಜ್ಯ ಬದಲಾಯಿತು. 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಕೇರಳ ವಿಧಾನಸಭೆಗೆ ಅವಿರೋಧವಾಗಿ ಆಯ್ಕೆಯಾದರು. ಹಾಗಾಗಿ ಆ ಸಲ ನಮ್ಮವರು ಹಾಕಿದ್ದು ಲೋಕಸಭೆಯ ಓಟು ಮಾತ್ರ. ಕಾಸರಗೋಡು ಕ್ಷೇತ್ರದಿಂದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ದಿಲ್ಲಿಗೆ ಹೋದರು. 1962, 1967ರಲ್ಲೂ ಅವರೇ ಗೆದ್ದರು.

ಮುಂದೆ ಒಂದೇ ಚೀಟಿಯಲ್ಲಿ ಎಲ್ಲರ ಹೆಸರೂ ಅಚ್ಚಾಗಿ, ಗುರುತು ಹಾಕುವ ಪದ್ಧತಿ ಬಂತು. ಪೆಟ್ಟಿಗೆಯ ಕಾಲದಲ್ಲಿ ಓದು ಬಾರದಿದ್ದರೂ ನಡೆಯುತ್ತಿತ್ತು. ಹೆಸರು ಅಚ್ಚಾದ ಮೇಲೆ ಅದು ಯಾವ ಲಿಪಿಯಲ್ಲಿದೆ ಎಂಬ ಪ್ರಶ್ನೆ ಎದ್ದಿತು. ಬ್ಯಾರಿ ಮಾತಾಡುವ, ಕನ್ನಡ ಶಾಲೆಯಲ್ಲಿ ಕಲಿತ ನಮ್ಮಂಥವರಿಗೆ ಮಲಯಾಳದ ಜೊತೆ ಕನ್ನಡದಲ್ಲೂ ಹೆಸರು ಕಾಣುವುದು ಸಣ್ಣ ವಿಷಯವಲ್ಲ. 1980ರಿಂದ ನಡುವಿನ ಕೆಲವು ವರ್ಷ ಈ ಕ್ಷೇತ್ರವನ್ನು ಪ್ರತಿನಿಧಿಸಿದವರು ಈ ಕಡೆಯ ಇಬ್ಬರು ರೈಗಳು: ಸಿಪಿಎಂನ ಎಂ. ರಾಮಣ್ಣ ರೈ, ಕಾಂಗ್ರೆಸ್ಸಿನ ಐ. ರಾಮ ರೈ.

ಮೈತ್ರಿಯ ಕಾಲ ಬಂದ ಮೇಲೆ ನಮ್ಮಲ್ಲಿ ಅನೇಕ ಮನೆಗಳಿಗೆ ಎರಡು ಚಿಹ್ನೆ. ವಿಧಾನಸಭೆಗೆ ಲೀಗಿನ ಏಣಿ, ಲೋಕಸಭೆಗೆ ಕಾಂಗ್ರೆಸ್ಸಿನ ಕೈ. ಅದೇ ಅಂಗಳದಲ್ಲಿ ಕತ್ತಿ ಸುತ್ತಿಗೆಗೆ ಹಾಕುವ ಅಣ್ಣನೂ ಇರುತ್ತಾನೆ. ಊಟಕ್ಕೆ ಮಾತ್ರ ಎಲ್ಲರೂ ಒಟ್ಟಿಗೆ.

ಈಗ ಹೆಸರಿನ ಪ್ರಶ್ನೆ ಹೆಂಗಸರದ್ದಲ್ಲ, ಗಂಡಸರದ್ದು. ಗಲ್ಫಿನಲ್ಲಿ ದುಡಿಯುವ ಮಕ್ಕಳು ಊರಲ್ಲಿ ವಾಸವಿಲ್ಲ ಎಂಬ ಕಾರಣಕ್ಕೆ ಮೊದಲು ಪಟ್ಟಿಯಿಂದ ಹೊರಗಿದ್ದರು. 2010ರ ಕಾನೂನು ತಿದ್ದುಪಡಿಯಿಂದ ಅವರ ಹೆಸರು ಸೇರಿಸಬಹುದಾಯಿತು. ಆದರೆ ಓಟು ಹಾಕಲು ಪಾಸ್‌ಪೋರ್ಟ್ ಹಿಡಿದು ಊರಿಗೇ ಬರಬೇಕು. ಒಂದು ಓಟಿಗೆ ವಿಮಾನದ ಟಿಕೆಟು ಯಾರು ತೆಗೆಯುತ್ತಾರೆ?

ಒಂದು ಓಟಿನ ಬೆಲೆ ನಮಗೆ ಗೊತ್ತಿಲ್ಲದ್ದೇನಲ್ಲ. 2016ರ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಲ್ಲಿ ಪಿ.ಬಿ. ಅಬ್ದುಲ್ ರಝಾಕ್ ಗೆದ್ದದ್ದು 89 ಓಟಿನಿಂದ. ಸೋತ ಕೆ. ಸುರೇಂದ್ರನ್ ಹೈಕೋರ್ಟಿಗೆ ಹೋದರು. ಪರದೇಶದಲ್ಲಿರುವವರ, ತೀರಿಕೊಂಡವರ ಹೆಸರಿನಲ್ಲಿ ಓಟು ಬಿದ್ದಿದೆ ಎಂಬುದು ಅವರ ದೂರು. 2019ರಲ್ಲಿ ಅವರೇ ಅರ್ಜಿ ಹಿಂತೆಗೆದುಕೊಂಡರು. ಆದರೂ ಆ ಪ್ರಕರಣ ಒಂದು ಪಾಠ ಕಲಿಸಿತು. ಮನೆಯಲ್ಲಿ ಮರಣವಾದರೆ ಆ ಹೆಸರು ತೆಗೆಸುವುದೂ, ಹದಿನೆಂಟಾದ ಮಗಳ ಹೆಸರು ಸೇರಿಸುವುದೂ ನಮ್ಮದೇ ಕೆಲಸ. ಆ ಕೆಲಸ ಪಕ್ಷದ ಹುಡುಗರದ್ದು ಎಂದು ಕೂತರೆ ಆಗುವುದಿಲ್ಲ.

2024ರ ಲೋಕಸಭಾ ಚುನಾವಣೆಯಲ್ಲಿ ಕಾಸರಗೋಡಿಗೂ ದಕ್ಷಿಣ ಕನ್ನಡಕ್ಕೂ ಒಂದೇ ದಿನ ಮತದಾನ, ಏಪ್ರಿಲ್ 26. ಅಂದು ಶುಕ್ರವಾರ. ಜುಮಾದ ದಿನ ಬೇಡ ಎಂದು ಲೀಗ್ ಕೇಳಿಕೊಂಡಿತ್ತು, ದಿನ ಬದಲಾಗಲಿಲ್ಲ. ತಲಪಾಡಿಯ ಆಚೆ ನನ್ನ ತಂಗಿ, ಈಚೆ ನಾನು. ಬೆಳಿಗ್ಗೆ ಬೇಗ ಸಾಲಿನಲ್ಲಿ ನಿಂತು ಓಟು ಹಾಕಿ, ಮತ್ತೆ ಜುಮಾಕ್ಕೆ ಹೋದೆ.

ಅಜ್ಜಿ ಈಗಿಲ್ಲ. ಅವರ ಹೆಸರನ್ನು ಪಟ್ಟಿಯಿಂದ ತೆಗೆಸಲು ಅರ್ಜಿ ತುಂಬಿಸಿದ್ದು ನಾನೇ. ಅವರ ಪೂರ್ತಿ ಹೆಸರನ್ನು ನಾನು ನನ್ನ ಕೈಯಲ್ಲಿ ಬರೆದದ್ದು ಅದೊಂದೇ ಸಲ.