ಕೋಷ್ಟಕದ ಕೊನೆಯ ಸಾಲು

ನೀವು ಅಂಕಪಟ್ಟಿಗೆ ಬಳಸುವ ಸ್ಪ್ರೆಡ್‌ಶೀಟ್ ವೈಯಕ್ತಿಕ ಗಣಕಕ್ಕೆ ಬಂದದ್ದು 1979ರಲ್ಲಿ. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ರೂಪಿಸಿದ ವಿಸಿಕ್ಯಾಲ್ಕ್‌ನಲ್ಲಿ ಒಂದು ಅಂಕಿ ಬದಲಿಸಿದರೆ ಅದನ್ನು ಅವಲಂಬಿಸಿದ ಮೊತ್ತಗಳೆಲ್ಲ ತಾವಾಗಿಯೇ ಬದಲಾಗುತ್ತಿದ್ದವು. ಲೆಕ್ಕಕ್ಕೆಂದು ಹುಟ್ಟಿದ ಈ ಬಗೆಯ ಸಾಧನವನ್ನು ಕಚೇರಿಗಳು ಕ್ರಮೇಣ ದಾಖಲೆಗಳ ಉಗ್ರಾಣವನ್ನಾಗಿಯೂ ಮಾಡಿಕೊಂಡವು.

ಇದರ ಅಪಾಯ 2020ರಲ್ಲಿ ಇಂಗ್ಲೆಂಡಿನಲ್ಲಿ ಬಯಲಾಯಿತು. ಪ್ರಯೋಗಾಲಯಗಳ ಕೋವಿಡ್ ವರದಿಗಳನ್ನು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಎಕ್ಸೆಲ್‌ನ ಹಳೆಯ ಮಾದರಿಯ ಕಡತಗಳಿಗೆ ತುಂಬುತ್ತಿತ್ತು. ಅದರಲ್ಲಿ ಹಿಡಿಸುವುದು 2ರ 16ನೇ ಘಾತ, ಅಂದರೆ 65,536 ಸಾಲುಗಳಷ್ಟೇ. ಒಂದೊಂದು ಪ್ರಕರಣಕ್ಕೂ ಹಲವು ಸಾಲು ಬೇಕಿದ್ದುದರಿಂದ ಹಾಳೆ ಬೇಗ ತುಂಬಿತು. ಮಿಕ್ಕವು ಸದ್ದಿಲ್ಲದೆ ಬಿಟ್ಟುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪ್ರಕರಣಗಳು ದೈನಂದಿನ ಲೆಕ್ಕದಿಂದ ತಪ್ಪಿದವು. ಸೋಂಕಿತರಿಗೆ ಫಲಿತಾಂಶ ತಲುಪಿತ್ತು. ಅವರ ಸಂಪರ್ಕಕ್ಕೆ ಬಂದವರ ಪತ್ತೆ ತಡವಾಯಿತು.

2014ರಲ್ಲಿ ಫಾರೆಸ್ಟರ್ ಸಂಸ್ಥೆ ‘ಲೋ-ಕೋಡ್’ ಎಂದು ಹೆಸರಿಸಿದ ಸಾಧನಗಳು ಇಂಥ ಕೆಲಸಕ್ಕೆ ಬೇರೆ ದಾರಿ ತೋರುತ್ತವೆ. ಮಾಹಿತಿ ದತ್ತಸಂಚಯದಲ್ಲಿರುತ್ತದೆ, ನಮೂನೆಗಳನ್ನೂ ನಿಯಮಗಳನ್ನೂ ಹೆಚ್ಚು ಕ್ರಮವಿಧಿ ಬರೆಯದೆ ಜೋಡಿಸಬಹುದು, ತಪ್ಪು ನಮೂದನ್ನು ಬಾಗಿಲಲ್ಲೇ ತಡೆಯಬಹುದು.

ಆದರೆ ಗಮನಿಸಿ: ನಿಯಮ ಹಾಕುವವರು ನಾವೇ. ಬಂದ ದಾಖಲೆಗಳೆಷ್ಟು, ಒಳಸೇರಿದವೆಷ್ಟು ಎಂದು ತಾಳೆ ನೋಡುವಂತೆ ಹೇಳದಿದ್ದರೆ ಹೊಸ ಸಾಧನವೂ ಸುಮ್ಮನೇ ಇರುತ್ತದೆ.